ಹಿತ್ತಾಳೆಯ ಚಕ್ರ

“ಅದು ನಾನು ಹಿಟ್ಟು ಸೋಸೋ ಜರಡಿ, ಡೆಸ್.”

ಡೆಸ್ಮಂಡ್ ಕೆರಿಜ್ ತಲೆ ಎತ್ತಲಿಲ್ಲ. ಸಿಂಕಿನ ಮೇಲೆ ಬಗ್ಗಿ, ಹೆಂಡತಿಯ ಜರಡಿಯನ್ನು ಸಣ್ಣಗೆ ಬಿಟ್ಟ ನಲ್ಲಿಯ ಕೆಳಗೆ ಹಿಡಿದು ಅಲ್ಲಾಡಿಸುತ್ತಿದ್ದ. ಹೊಲದ ಮರಳು ಇಳಿದುಹೋದಂತೆ ತಳದಲ್ಲಿ ಸಾಮಾನುಗಳು ಉಳಿದವು: ಕೋಟಿನ ಎರಡು ಗುಂಡಿ, ಸೀಸದ ಚೂರು, ಹಸಿರು ಕಟ್ಟಿದ ನಾಣ್ಯವೊಂದು, ಹಿಡಿಗಾತ್ರದ ತುಕ್ಕಿನ ಉಂಡೆಯೊಂದು.

“ಗೊತ್ತು ಕಣೇ. ತೊಳೆದು ಕೊಡ್ತೀನಿ.”

“ಹೋದ ಸಲಾನೂ ತೊಳೆದು ಕೊಟ್ಟಿದ್ದೆ. ಕೇಕು ಕರಕರ ಅಂತು. ಪಾದ್ರಿ ಹೆಂಡತಿ ದವಡೆ ಹಿಡ್ಕೊಂಡು ಕೂತಿದ್ದಳು.”

“ರೋಮನ್ನರ ಕಾಲದ ಮರಳು. ಎಲ್ಲರಿಗೂ ಸಿಗುತ್ತಾ ಆ ಭಾಗ್ಯ?”

ಥೆಲ್ಮಾಗೆ ನಗು ಬಂತು, ತೋರಿಸಿಕೊಳ್ಳಲಿಲ್ಲ. ಗಂಡ ಬಸ್ ಡಿಪೋದಿಂದ ನಿವೃತ್ತನಾದ ಮೇಲೆ ಹಿಡಿದ ಹುಚ್ಚು ಇದು. ಕೊಯ್ಲು ಮುಗಿದ ಹೊಲಗಳಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಲೋಹ ಪತ್ತೆಹಚ್ಚುವ ಡಿಟೆಕ್ಟರನ್ನು ಅತ್ತಿಂದಿತ್ತ ಬೀಸುತ್ತ, ಬೆಳಗಿನಿಂದ ಸಂಜೆಯವರೆಗೆ ನಡೆಯುತ್ತಿದ್ದ. ಕುಡಿಯೋದಕ್ಕಿಂತ ವಾಸಿ ಎಂದು ಅವಳು ತಂಗಿಯರ ಬಳಿ ಹೇಳಿಕೊಂಡಿದ್ದಳು. ಆದರೆ ಅವನಿಗೆ ನಿಜವಾದ ಸುಖ ಇದ್ದದ್ದು ಹುಡುಕುವುದರಲ್ಲಲ್ಲ, ಆಮೇಲೆ ಅಡುಗೆಮನೆಯ ಮೇಜಿನ ಮೇಲೆ ಟವೆಲು ಹಾಸಿಕೊಂಡು ತೊಳೆಯುವುದರಲ್ಲಿ. ಐಸ್‌ಕ್ರೀಮಿನ ಖಾಲಿ ಡಬ್ಬಿಗಳಲ್ಲಿ ಬಟ್ಟಿ ಇಳಿಸಿದ ನೀರು, ಹಲ್ಲುಕಡ್ಡಿಗಳು, ಬೇಲಿಯಿಂದ ಕಿತ್ತು ತಂದ ಮುಳ್ಳುಗಳು, ಎಳೆಮಕ್ಕಳ ಹಲ್ಲುಜ್ಜುವ ಬ್ರಷ್ಷು, ಕೊರಳಿಗೆ ನೇತುಹಾಕಿಕೊಂಡ ಭೂತಗನ್ನಡಿ. ಹೊಸಬರು ಆತುರಪಟ್ಟು ವಿನೆಗರ್ ಹಾಕಿ ತಿಕ್ಕಿ ನಾಣ್ಯದ ಮೇಲಿನ ರಾಜನ ಮೂಗನ್ನೇ ಅಳಿಸಿಬಿಡುತ್ತಾರೆ ಎಂದು ಅವನಿಗೆ ಹೊಟ್ಟೆಯುರಿ. ನೀರು ಸಾಕು, ಮುಳ್ಳು ಸಾಕು, ಪುರುಸೊತ್ತು ಮಾತ್ರ ಬೇಕು, ಎನ್ನುತ್ತಿದ್ದ.

“ಮಾರಿಸ್ ಫೋನ್ ಮಾಡಿದ್ದ,” ಎಂದ, ಉಂಡೆಯನ್ನು ಡಬ್ಬಿಗೆ ಇಳಿಸುತ್ತ. “ನದಿ ದಂಡೇಲಿ ಚಿನ್ನದ ನಾಣ್ಯ ಸಿಕ್ತಂತೆ. ತೋರಿಸು ಅಂದ್ರೆ ಬ್ಯಾಂಕಲ್ಲಿ ಇಟ್ಟಿದ್ದೀನಿ ಅಂತಾನೆ. ಅಪ್ಪಟ ಹಿತ್ತಾಳೆ ಚಕ್ರ!”

ಹೇಸಲ್‌ಟನ್ನಿನಲ್ಲಿ ಬುಡವಿಲ್ಲದ ಸುಳ್ಳಿಗೆ ಹಾಗೆನ್ನುತ್ತಾರೆ. ಶಾಲೆಯ ಮಕ್ಕಳು ಅನ್ನುತ್ತಾರೆ, ಪಬ್ಬಿನಲ್ಲಿ ಮುದುಕರು ಅನ್ನುತ್ತಾರೆ. ಮದುವೆಯಾಗಿ ಈ ಊರಿಗೆ ಬಂದ ಡೆಸ್ಮಂಡನೂ ಬಂದ ವರ್ಷವೇ ಕಲಿತಿದ್ದ. ಆ ಮಾತು ಬಂದಾಗಲೆಲ್ಲ ಹೆಂಡತಿ ಏನಾದರೊಂದು ನೆಪ ಮಾಡಿ ಎದ್ದುಹೋಗುವುದನ್ನು ಮಾತ್ರ ಅವನು ಇಷ್ಟು ವರ್ಷದಲ್ಲಿ ಗಮನಿಸಿರಲಿಲ್ಲ. ಅವತ್ತೂ ಅವಳು ಒಗೆದ ಬಟ್ಟೆ ನೋಡುತ್ತೇನೆಂದು ಹಿತ್ತಲಿಗೆ ಹೋದಳು. ಹೊರಗೆ ಜಿನುಗುತ್ತಿತ್ತು, ಹಗ್ಗದ ಮೇಲೆ ಬಟ್ಟೆ ಇರಲಿಲ್ಲ.

ತುಕ್ಕಿನ ಉಂಡೆ ಒಂದು ವಾರ ನೀರಲ್ಲಿ ನೆನೆಯಿತು. ದಿನಾ ಬೆಳಿಗ್ಗೆ ಡೆಸ್ಮಂಡ್ ಕೆಂಪಾದ ನೀರು ಚೆಲ್ಲಿ ಬೇರೆ ಹಾಕುತ್ತಿದ್ದ. ಮುಂದಿನ ಶನಿವಾರ ಮಧ್ಯಾಹ್ನ, ಊಟವಾದ ಮೇಲೆ, ಅದನ್ನು ಟವೆಲಿನ ಮೇಲಿಟ್ಟುಕೊಂಡು ಕೂತ. ರೇಡಿಯೋದಲ್ಲಿ ಫುಟ್‌ಬಾಲ್ ವಿವರಣೆ ಬರುತ್ತಿತ್ತು. ಮುಳ್ಳಿನ ತುದಿಯಿಂದ ಮೀಟಿದರೆ ಮರಳು ಸೇರಿದ ತುಕ್ಕು ಹುರಿಗಡಲೆ ಸಿಪ್ಪೆಯ ಹಾಗೆ ಏಳುತ್ತಿತ್ತು. ಒಳಗೆ ಕಬ್ಬಿಣವಲ್ಲ, ಬೂದುಬಣ್ಣದ ಎರಕದ ಲೋಹ. ಮೊದಲು ಒಂದು ಮೂತಿ ಕಂಡಿತು, ಆಮೇಲೆ ಪುಟ್ಟ ಸ್ಟೀರಿಂಗ್, ಬೆರಳಿನುಗುರಷ್ಟು ಅಗಲದ ಸೀಟು. ಸೀಟಿನ ಕೆಳಗೆ ನೀಲಿ ಬಣ್ಣದ ಒಂದು ಚಕ್ಕೆ ಇನ್ನೂ ಅಂಟಿಕೊಂಡಿತ್ತು.

“ಥೆಲ್ಮಾ, ಬಾರೇ ಇಲ್ಲಿ. ಟ್ರ್ಯಾಕ್ಟರ್ ಕಣೇ! ಯಾವುದೋ ಹುಡುಗನ ಆಟದ ಟ್ರ್ಯಾಕ್ಟರ್.”

ಅವಳು ಆಲೂಗಡ್ಡೆ ಸುಲಿಯುತ್ತಿದ್ದವಳು ಅಲ್ಲಿಂದಲೇ “ಹ್ಞೂಂ” ಎಂದಳು.

“ನಾಲ್ಕು ಚಕ್ರದಲ್ಲಿ ಒಂದು ಮಾತ್ರ ಬೇರೆ. ಕಂಪನಿಯದಲ್ಲ. ಯಾರೋ ಸೈಕಲ್ ಬೆಲ್ಲಿನ ತಗಡು ಕತ್ತರಿಸಿ, ಅರ ಹಾಕಿ ದುಂಡಗೆ ಮಾಡಿ ಕೂರಿಸಿದ್ದಾರೆ. ಎಂಥಾ ಕೈಕೆಲಸ ನೋಡು ಮಾರಾಯ್ತಿ. ಹಸಿರು ಬಿಟ್ಕೊಳ್ತಾ ಇದೆ... ಹಿತ್ತಾಳೆ.”

ಆಲೂಗಡ್ಡೆ ಸಿಂಕಿಗೆ ಬಿದ್ದ ಸದ್ದಾಯಿತು. ಅವಳು ಬಂದು ಅವನ ಹೆಗಲ ಹಿಂದೆ ನಿಂತಳು. ಅವನು ಬ್ರಷ್ಷು ತೆಗೆದುಕೊಂಡು ಚಕ್ರದ ಅಂಚನ್ನು ಒಂದು ಸಲ ತಿಕ್ಕಿದ. ಎಳ್ಳುಕಾಳಿನಷ್ಟು ಜಾಗದಲ್ಲಿ ಹಳದಿ ಹೊಳೆಯಿತು.

“ತಿಕ್ಕಬೇಡ.”

“ನಾನೆಲ್ಲಿ ತಿಕ್ಕಿದೆ, ಸುಮ್ಮನೆ...”

“ತಿಕ್ಕಬೇಡ ಅಂದೆನಲ್ಲ ಡೆಸ್! ಕೆಳಗಿಡು.”

ಅವನು ಇಟ್ಟ. ಅವಳತ್ತ ತಿರುಗಿದ. ಒದ್ದೆ ಕೈಗಳನ್ನು ಒರೆಸಿಕೊಳ್ಳದೆ ಹಾಗೇ ಹಿಡಿದುಕೊಂಡು, ಕುರ್ಚಿ ಎಳೆದು ಕೂತಳು. ಅವನು ರೇಡಿಯೋ ಆರಿಸಿದ.

“ಎಲ್ಲಿ ಸಿಕ್ಕಿತು ಇದು?”

“ಟೋಬಿ ಬ್ರೂಸ್ಟರ್ ಹೊಲದಲ್ಲಿ. ಆಲೂಗಡ್ಡೆಗೆ ನೀರು ಬಿಡೋಕೆ ಪೈಪ್ ಹಾಕಿಸ್ತಿದ್ದಾನಲ್ಲ, ಮೇಲಿನ ಮೂಲೆ, ಅಲ್ಲಿ ಅಗೆದು ಹಾಕಿದ ಮಣ್ಣಲ್ಲಿ.”

“ಮರಳು ಗುಂಡಿ ಹತ್ರ.”

“ಅಲ್ಲಿ ಯಾವ ಗುಂಡೀನೂ ಇಲ್ಲವಲ್ಲ.”

“ಇತ್ತು,” ಎಂದಳು ಥೆಲ್ಮಾ. ಆಮೇಲೆ, ಯಾರೋ ಬೇರೆಯವರಿಗೆ ಹೇಳುವ ಹಾಗೆ, “ಅವನು ಸುಳ್ಳು ಹೇಳಿರಲಿಲ್ಲ,” ಎಂದಳು.

ಡೆಸ್ಮಂಡನಿಗೆ ಗೊತ್ತಿದ್ದ ಕಥೆ ಇಷ್ಟೇ. ಥೆಲ್ಮಾಳಿಗೆ ಕ್ಲೈವ್ ಅಂತ ಒಬ್ಬ ತಮ್ಮನಿದ್ದ. ಅರವತ್ತರ ದಶಕದಲ್ಲಿ, ಈಸ್ಟರ್ ರಜೆಯ ಒಂದು ಮಧ್ಯಾಹ್ನ, ಒಂಬತ್ತು ವರ್ಷದ ಹುಡುಗ ಆಡಲು ಹೋದವನು ಮನೆಗೆ ಬರಲಿಲ್ಲ. ನದಿ ಜಾಲಾಡಿದರು, ಜೌಗು ಜಾಲಾಡಿದರು, ಹೆಣ ಸಿಗಲಿಲ್ಲ. ಊರೆಲ್ಲ ಬೊಟ್ಟು ಮಾಡಿದ್ದು ನೆವಿಲ್ ಥರ್ಲೋ ಕಡೆಗೆ. ಚರ್ಚಿನ ಹಿಂದಿನ ಓಣಿಯಲ್ಲಿ ತಾಯಿಯ ಜೊತೆ ಇದ್ದುಕೊಂಡು ಸೈಕಲ್ ರಿಪೇರಿ ಮಾಡುತ್ತಿದ್ದ ಮಿತಮಾತಿನ ಯುವಕ. ಹುಡುಗ ಕೊನೆಯದಾಗಿ ಕಾಣಿಸಿಕೊಂಡದ್ದು ಅವನ ಶೆಡ್ಡಿನ ಬಾಗಿಲಲ್ಲಿ.

ಉಳಿದದ್ದನ್ನು ಅವತ್ತು ಆ ಮೇಜಿನ ಮುಂದೆ ಹೇಳಿದಳು. ಟ್ರ್ಯಾಕ್ಟರಿನ ಚಕ್ರ ಕಳೆದಿತ್ತು, ಸರಿಮಾಡಿಸಲು ಕ್ಲೈವ್ ಅಲ್ಲಿಗೆ ಹೋಗಿದ್ದ. ನೆವಿಲ್ ಪೊಲೀಸರಿಗೆ ಹೇಳಿದ್ದು ಇಷ್ಟು: ನಾನು ಬೆಲ್ಲಿನ ತಗಡಿಂದ ಹಿತ್ತಾಳೆ ಚಕ್ರ ಮಾಡಿ ಹಾಕಿಕೊಟ್ಟೆ, ಹುಡುಗ ತೆಗೆದುಕೊಂಡು ಕುಣೀತಾ ಹೊಲದ ದಾರೀಲಿ ನದಿ ಕಡೆ ಹೋದ. ನೂರು ಸಲ ಕೇಳಿದರೂ ಅದನ್ನೇ ಹೇಳಿದ. ಹಾಗಾದರೆ ಟ್ರ್ಯಾಕ್ಟರ್ ಎಲ್ಲಿ? ಆ ಚಕ್ರ ಎಲ್ಲಿ? ಅವನ ಶೆಡ್ಡಿನ ನೆಲ ಅಗೆದರು, ಹಿತ್ತಲು ಅಗೆದರು, ಅವನ ತಾಯಿ ನೆಟ್ಟ ಗುಲಾಬಿ ಬೇರು ಮೇಲಾಗಿ ಬಿದ್ದಿದ್ದವು. ಏನೂ ಸಿಗದೆ ಬಿಟ್ಟರು. ಊರು ಬಿಡಲಿಲ್ಲ. ಥೆಲ್ಮಾಳ ಅಪ್ಪ ಒಂದು ಭಾನುವಾರ, ಜನ ಚರ್ಚಿನಿಂದ ಹೊರಗೆ ಬರುವ ಹೊತ್ತಿಗೆ, ಗುದ್ದಲಿ ಕಾವಿನಿಂದ ಅವನ ಬಲಗೈ ಮುರಿದ. ನೋಡಿದವರು ಯಾರೂ ಇಲ್ಲವೆಂದಾಯಿತು. ಅವನೊಂದಿಗೆ ಮದುವೆಗೆ ಮಾತಾಗಿದ್ದ ಹುಡುಗಿ ಬೇರೆ ಕಡೆ ಹೋದಳು. ಅವನ ಸಾಕ್ಷ್ಯ ಊರಿನ ನಾಲಗೆಯಲ್ಲಿ ಗಾದೆಯಾಯಿತು.

“ನಾನು...” ಡೆಸ್ಮಂಡ್ ಬ್ರಷ್ಷನ್ನು ದೂರ ಸರಿಸಿದ. “ನಾನೇ ಎಷ್ಟು ಸಲ ಅಂದಿದ್ದೀನಿ. ನಿನ್ನ ಎದುರಿಗೇ.”

“ಎಲ್ಲರೂ ಅಂತಾರೆ.”

“ನೀನಾದ್ರೂ ಹೇಳಬಾರದಾಗಿತ್ತಾ?”

“ಏನಂತ ಹೇಳಲಿ? ಅವನು ಹೇಳಿದ್ದು ಸುಳ್ಳು ಅಂತಾನೇ ತಿಳ್ಕೊಂಡಿದ್ದೆನಲ್ಲ ನಾನೂ.”

ಅವಳು ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲದ ಒಂದು ಸಂಗತಿಯೂ ಇತ್ತು, ಅದು ಡೆಸ್ಮಂಡನಿಗೂ ಗೊತ್ತು. ಪ್ರತಿ ವರ್ಷ ಈಸ್ಟರ್ ಶನಿವಾರ ಅವಳ ತಾಯಿ ಕಪ್ಪು ಕೋಟು ತೊಟ್ಟು ನೆವಿಲ್ ಮನೆಯ ಗೇಟಿನ ಮುಂದೆ ಹೋಗಿ ನಿಲ್ಲುತ್ತಿದ್ದಳು. ಒಂದು ಗಂಟೆ. ಬೈಯುತ್ತಿರಲಿಲ್ಲ, ಅಳುತ್ತಿರಲಿಲ್ಲ, ನೋಡುತ್ತಿದ್ದಳು. ಅವನು ಹೊರಗೆ ಬಂದು, ಟೋಪಿ ತೆಗೆದು, ಅಂಗಳದಲ್ಲಿ ಅವಳಿಗೆ ಎದುರಾಗಿ ನಿಲ್ಲುತ್ತಿದ್ದ. ಅವಳು ಹೊರಟ ಮೇಲೆ ಒಳಗೆ ಹೋಗುತ್ತಿದ್ದ. ತಾಯಿಯ ಕಾಲು ಸೋತ ಮೇಲೆ ಗಾಲಿಕುರ್ಚಿಯಲ್ಲಿ ಕರೆದೊಯ್ದವಳು ಥೆಲ್ಮಾ. ಹಿಂದೆ ನಿಂತು ಹಿಡಿಕೆ ಹಿಡಿದುಕೊಂಡು ನೆಲ ನೋಡುತ್ತಿದ್ದಳು. ತಾಯಿ ತೀರಿಕೊಂಡು ಒಂದೂವರೆ ವರ್ಷವಾಗಿತ್ತು.

ಪೊಲೀಸರು ಸೋಮವಾರ ಬಂದರು. ಹೊಲದ ಮೂಲೆಯಲ್ಲಿ ಬಿಳಿ ಡೇರೆ ಎದ್ದಿತು. ಟೋಬಿ ಬ್ರೂಸ್ಟರ್, ಮೂವತ್ತು ದಾಟದ ಹುಡುಗ, ಬೂಟಿನ ತುದಿಯಿಂದ ಮಣ್ಣು ಕೆರೆಯುತ್ತ ಥೆಲ್ಮಾಳ ಹತ್ತಿರ ಬಂದ.

“ಅಜ್ಜ ಮುಚ್ಚಿಸಿದ್ದಂತೆ ಈ ಗುಂಡೀನ. ನಮ್ಮಪ್ಪ ಹೇಳ್ತಿದ್ರು. ಬೇಲಿ ಬೊಡ್ಡೆ, ಕಲ್ಲು ಎಲ್ಲ ತುಂಬಿಸಿ ಉತ್ತುಬಿಟ್ರು. ಅವರಿಗೇನೂ ಗೊತ್ತಿರಲಿಲ್ಲ, ಆಣೆ.”

“ಗೊತ್ತು ಕಣಪ್ಪ,” ಎಂದಳು ಥೆಲ್ಮಾ. “ಯಾರಿಗೂ ಗೊತ್ತಿರಲಿಲ್ಲ.”

ಮೂರನೆಯ ದಿನ ಕ್ಲೈವ್ ಸಿಕ್ಕ. ಬೊಡ್ಡೆಗಳ ಕೆಳಗೆ, ಅದಕ್ಕೂ ಮೊದಲೇ ಕುಸಿದಿದ್ದ ಶುದ್ಧ ಮರಳಿನ ಕೆಳಗೆ. ಹಾವಿನ ಆಕಾರದ ಬೆಲ್ಟಿನ ಕೊಂಡಿ ಇತ್ತು, ಬೂಟಿನ ಅಟ್ಟೆಗಳಿದ್ದವು. ತನಿಖೆಯ ಹೆಂಗಸು ಮನೆಗೆ ಬಂದು, ಕೊಟ್ಟ ಚಹಾ ಮುಟ್ಟದೆ, ನಿಧಾನವಾಗಿ ವಿವರಿಸಿದಳು. ದಿಬ್ಬದ ಅಡಿಯಲ್ಲಿ ಆಡುತ್ತಿದ್ದಿರಬೇಕು. ಮೇಲಿಂದ ಮರಳು ಜಾರಿದೆ. ಯಾರೂ ಮುಟ್ಟಿದ ಗುರುತಿಲ್ಲ.

“ಅವತ್ತು ಸಾಯಂಕಾಲ ನಾವು ಅಲ್ಲಿಗೆ ಹೋಗಿದ್ವಿ,” ಎಂದಳು ಥೆಲ್ಮಾ. “ಅಮ್ಮ, ನಾನು. ಗುಂಡಿಯ ಮೇಲಿನ ಅಂಚಲ್ಲಿ ನಿಂತು ಕೂಗಿದ್ವಿ. ಅಮ್ಮ ತುಂಬಾ ಹೊತ್ತು ಕೂಗಿದಳು. ಅವನಿಗೆ ಕೇಳಿಸಿರುತ್ತಾ?”

“ಇಲ್ಲ, ಇಲ್ಲ,” ಎಂದಳು ಆಕೆ.

ತುಂಬಾ ಬೇಗ ಹೇಳಿದಳು. ಥೆಲ್ಮಾ ಮತ್ತೆ ಕೇಳಲಿಲ್ಲ.

ಆಮೇಲೆ ಡೆಸ್ಮಂಡ್ ಡಬ್ಬಿಗಳನ್ನೆಲ್ಲ ಹಿತ್ತಲಿಗೆ ಹೊತ್ತು ನೀರು ಚೆಲ್ಲಿದ, ನೆನೆಯಲು ಇಟ್ಟಿದ್ದ ನಾಣ್ಯ ಯಾವ ಕಾಲದ್ದೆಂದು ತಿರುಗಿಸಿಯೂ ನೋಡಲಿಲ್ಲ. ಆ ಹೊಲದಲ್ಲಿ ಅವನು ನಡೆದಿದ್ದು ಅದೇ ಮೊದಲಲ್ಲ. ಟೋಬಿಯ ಅಪ್ಪನ ಕಾಲದಿಂದಲೂ ಅನುಮತಿ ಇತ್ತು. ಮೇಲಿನ ಮೂಲೆಗೆ ಬಂದಾಗಲೆಲ್ಲ ಯಂತ್ರ ಕಿವಿಯೊಳಗೆ ಸಣ್ಣಗೆ, ಕೇಳಿಯೂ ಕೇಳಿಸದ ಹಾಗೆ ಮುಲುಗುತ್ತಿತ್ತು. ಆಳದಲ್ಲೆಲ್ಲೋ ಹಳೇ ಕಬ್ಬಿಣ, ಬೇಲಿ ತಂತಿ ಇದ್ದೀತು ಎಂದುಕೊಂಡು ಮುಂದೆ ಹೋಗುತ್ತಿದ್ದ. ಕುಸಿದ ಮರಳಿನ ಕೆಳಗಿನದ್ದು ಅಷ್ಟು ಆಳದಿಂದ ಕೇಳಿಸುವುದು ಸಾಧ್ಯವಿಲ್ಲ, ಅದು ತಂತಿಯೇ ಇರಬೇಕು ಎಂದು ಅವನಿಗೆ ಗೊತ್ತಿತ್ತು. ಆದರೂ ಹಲ್ಲುಜ್ಜುವಾಗ, ಕಾರು ಓಡಿಸುವಾಗ, ಇದ್ದಕ್ಕಿದ್ದಂತೆ ಆ ಸದ್ದು ಕಿವಿಗೆ ಬರುತ್ತಿತ್ತು. ಡಿಟೆಕ್ಟರನ್ನು ಹೊದಿಕೆ ಸುತ್ತಿ ಅಟ್ಟಕ್ಕೆ ಹಾಕಿದ.

ಊರಿಗೂ ಏನು ಮಾಡಬೇಕೋ ತಿಳಿಯಲಿಲ್ಲ. ಅಂಗಡಿಯಲ್ಲಿ ಥೆಲ್ಮಾಳ ಕೈ ಹಿಡಿದು “ಪಾಪ, ಕೂಸು” ಎಂದರು. ನೆವಿಲ್ ಹೆಸರು ಯಾರೂ ಎತ್ತಲಿಲ್ಲ. ಪಬ್ಬಿನಲ್ಲಿ ಯಾರೋ ಅಭ್ಯಾಸದಂತೆ “ಹಿತ್ತಾಳೆ...” ಎಂದು ಶುರುಮಾಡಿ ಅರ್ಧಕ್ಕೇ ನುಂಗಿಕೊಂಡರಂತೆ. ಒಂದು ಬೆಳಿಗ್ಗೆ ನೆವಿಲ್ ಮನೆಯ ಗೇಟಿನ ಕಂಬದ ಮೇಲೆ ಕಾಗದ ಸುತ್ತಿದ ಕೇಕೊಂದು ಕಂಡಿತು. ಮರುದಿನ ಒಂದು ಹೂಗುಚ್ಛ. ಯಾರ ಹೆಸರೂ ಇರಲಿಲ್ಲ, ಯಾರೂ ಬಾಗಿಲು ತಟ್ಟಿರಲಿಲ್ಲ. ಮಳೆಗೆ ಕೇಕು ಮೆತ್ತಗಾಗಿ ಕಂಬದ ಮೇಲಿಂದ ಇಳಿಯಿತು. ಅವನೂ ಅದನ್ನು ಮುಟ್ಟಲಿಲ್ಲ.

ಥೆಲ್ಮಾಳೂ ಅವನ ಮನೆಗೆ ಹೋಗಲಿಲ್ಲ. ಪೊಲೀಸರು ಹೇಳಿರ್ತಾರೆ ಬಿಡು, ಎಂದಳು. ವಿಚಾರಣೆ ಮುಗೀಲಿ, ಎಂದಳು. ಕಾಲು ನೋವು, ಎಂದಳು. ಡೆಸ್ಮಂಡ್ ಒತ್ತಾಯ ಮಾಡಲಿಲ್ಲ. ಒಂದು ಮಧ್ಯಾಹ್ನ ಅವಳು ಚರ್ಚಿನ ಹಿಂದಿನ ಓಣಿಯವರೆಗೂ ನಡೆದು, ತಿರುವಿನಲ್ಲಿ ನಿಂತು, ವಾಪಸು ಬಂದದ್ದನ್ನು ಅವನು ಕಂಡಿದ್ದ. ಹೇಳಲಿಲ್ಲ.

ಕ್ರಿಸ್‌ಮಸ್‌ಗೆ ಮುಂಚೆ ಪೊಲೀಸರು ಟ್ರ್ಯಾಕ್ಟರನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಹಿಂತಿರುಗಿಸಿದರು. ಮಣ್ಣುಮಾಡುವ ದಿನ ಗೊತ್ತಾಗಿತ್ತು. ಥೆಲ್ಮಾ ಚೀಲವನ್ನು ಕೈಚೀಲದೊಳಗೆ ಇಟ್ಟುಕೊಂಡು, “ಕಾರು ತೆಗಿ,” ಎಂದಳು.

ಕಪ್ಪು ಕೋಟು ತೊಟ್ಟವಳು ಓಣಿಯ ತುದಿಯಲ್ಲಿ ಇಳಿದು ಅದನ್ನು ಬಿಚ್ಚಿ ಸೀಟಿನ ಮೇಲೆ ಹಾಕಿದಳು. ಬರೀ ಸ್ವೆಟರಿನಲ್ಲಿ ಹೋಗಿ ಗೇಟಿನ ಮುಂದೆ ನಿಂತಳು. ಡೆಸ್ಮಂಡ್ ಎರಡು ಹೆಜ್ಜೆ ಹಿಂದೆ ಉಳಿದ.

ಬಾಗಿಲು ತೆರೆಯಿತು. ನೆವಿಲ್ ಹೊರಗೆ ಬಂದ. ಎತ್ತರದ ಆಳು, ಈಗ ಸೊಂಟ ಬಾಗಿತ್ತು. ಬಲಗೈ ಮಣಿಕಟ್ಟಿನಲ್ಲಿ ಸೊಟ್ಟಗಿತ್ತು. ಗೇಟಿನಲ್ಲಿ ನಿಂತವಳನ್ನು ನೋಡಿದ, ಟೋಪಿ ತೆಗೆದ, ಅಂಗಳದ ನಡುವೆ ಬಂದು ಎದುರಾಗಿ ನಿಂತ. ಕಣ್ಣು ತಗ್ಗಿಸಲಿಲ್ಲ.

ಥೆಲ್ಮಾ ಗೇಟಿನ ಚಿಲಕಕ್ಕೆ ಕೈ ಹಾಕಿದಳು. ತುಕ್ಕು ಹಿಡಿದಿತ್ತು, ಬಿಡಲಿಲ್ಲ. ಮತ್ತೆ ಎಳೆದಳು.

“ಮ್ಯಾಕ್ಕೆತ್ತಿ ಎಳೀಬೇಕು,” ಎಂದ ನೆವಿಲ್. “ಅಂಗೇ ಬರಾಕಿಲ್ಲ ಅದು.”

ಎತ್ತಿ ಎಳೆದಳು. ಗೇಟು ತೆರೆಯಿತು. ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆದು ಅವನ ಮುಂದೆ ನಿಂತಳು.

“ಮಿಸ್ಟರ್ ಥರ್ಲೋ...”

“ನೆವಿಲ್ ಅನ್ನವ್ವ. ಕ್ಲೈವ್ ಅಂಗೇ ಕರೀತಿದ್ದ.”

“ಅವನು ಸಿಕ್ಕಿದ.”

“ಏಳಿದ್ರು, ಪೊಲೀಸ್ನೋರು. ಬಾಗಿಲಲ್ಲೇ ನಿಂತು ಏಳ್ಬುಟ್ಟು ಹೋದ್ರು. ಗುಂಡೀಲಂತೆ.”

“ಹೌದು. ಮರಳು ಕುಸಿದು.”

ನೆವಿಲ್ ಟೋಪಿಯನ್ನು ಎಡಗೈಯಿಂದ ಬಲಗೈಗೆ ಬದಲಿಸಿಕೊಂಡ. “ಇಳಿಜಾರಲ್ಲಿ ಬುಟ್ಟು ನೋಡ್ತೀನಿ, ಓಡ್ತದಾ ಅಂತ, ಅಂದ. ರಸ್ತೆ ಮ್ಯಾಲೆ ಬುಡು ಮಗಾ ಅಂದೆ ನಾನು. ಹ್ಞೂಂ ಅಂದ. ಆ ವಯಸ್ನಲ್ಲಿ ಎಲ್ರೂ ಹ್ಞೂಂ ಅಂತಾರೆ. ಇಳಿಜಾರು ಅಂದ್ರೆ ನದಿ ಕಡೇದು ಅಂದ್ಕೊಂಡೆ. ಅಂಗೇ ಪೊಲೀಸ್ನೋರಿಗೂ ಏಳ್ದೆ. ಎಲ್ಲಾರೂ ನದಿಗೇ ಹೋದ್ರು.”

ಥೆಲ್ಮಾ ಕೈಚೀಲದಿಂದ ಪ್ಲಾಸ್ಟಿಕ್ ಚೀಲ ತೆಗೆದಳು, ಅದರೊಳಗಿಂದ ಟ್ರ್ಯಾಕ್ಟರ್ ತೆಗೆದು ಅವನ ಎಡಗೈಯಲ್ಲಿ ಇಟ್ಟಳು. ಅವನು ಅದನ್ನು ಮುಖದ ಹತ್ತಿರ ತಂದು, ಮಗ್ಗುಲಾಗಿಸಿ, ಹೆಬ್ಬೆರಳಿನಿಂದ ಹಿತ್ತಾಳೆಯ ಚಕ್ರ ಮುಟ್ಟಿದ. ತಿರುಗಿಸಲು ನೋಡಿದ. ತಿರುಗಲಿಲ್ಲ.

“ಅಚ್ಚು ಕಚ್ಕೊಂಡೈತೆ.”

ಅಲ್ಲಿಯವರೆಗೆ ಗೇಟಿನಲ್ಲಿ ನಿಂತಿದ್ದ ಡೆಸ್ಮಂಡ್ ಮುಂದೆ ಬಂದ. ಏನಾದರೂ ಮಾಡಬೇಕೆಂಬ ತವಕ ಅವನಿಗೆ. “ಎಣ್ಣೇಲಿ ನೆನೆ ಹಾಕಿದ್ರೆ ಬಿಟ್ಕೊಳ್ಳುತ್ತೆ. ನಾನು ನಿಧಾನವಾಗಿ ಕ್ಲೀನ್ ಮಾಡಿಕೊಡ್ತೀನಿ. ಹಿತ್ತಾಳೆ ಒಳಗೆ ಚೆನ್ನಾಗೇ ಇದೆ, ಹೊಸದರ ಹಾಗೆ...”

“ಬ್ಯಾಡ,” ಎಂದ ನೆವಿಲ್. “ಇನ್ನು ಓಡೋದು ಬ್ಯಾಡ.”

ಹೆಂಚಿನ ಮೇಲಿಂದ ಹನಿ ತೊಟ್ಟಿಕ್ಕುತ್ತಿತ್ತು.

“ಚೆನ್ನಾಗಿ ಓಡ್ಲಿ ಅಂತ ಎಲ್ಡು ಸಲ ಅರ ಹಾಕಿದ್ದೆ,” ಎಂದ, ಟ್ರ್ಯಾಕ್ಟರಿಗೆ ಹೇಳುವ ಹಾಗೆ. “ಇವತ್ತು ಪುರುಸೊತ್ತಿಲ್ಲ, ನಾಳೆ ಬಾ ಅಂದಿದ್ರೆ, ಅತ್ಕೊಂಡು ಮನೇಗೋಗಿರೋನು. ಅಷ್ಟೇಯ. ಅದನ್ನ ಯಾರೂ ಕೇಳ್ಲೇ ಇಲ್ಲ ನನ್ನ. ಚಕ್ರ ಹಾಕಿದ್ದು ಸುಳ್ಳು ಅಂತ್ಲೇ ಅಂದ್ರು ಎಲ್ಲ. ಸುಳ್ಳಾಗಿದ್ರೆ ಎಷ್ಟು ಚೆಂದಾಗಿತ್ತು.”

ಥೆಲ್ಮಾ ಅವನ ಬಲಗೈಯತ್ತ ನೋಡಿದಳು. “ನಮ್ಮಪ್ಪ ನಿಮ್ಮ ಕೈಯನ್ನ...”

ಅವನು ತನ್ನ ಸೊಟ್ಟ ಕೈಯನ್ನು, ಆಗಷ್ಟೇ ನೆನಪಾದ ಹಾಗೆ, ನೋಡಿಕೊಂಡ. “ಚಳೀಲಿ ನೋಯ್ತದೆ,” ಎಂದ.

“ಊರು ಬಿಟ್ಟು ಯಾಕೆ ಹೋಗಲಿಲ್ಲ ನೀವು?”

“ಎಲ್ಲಿಗೋಗ್ಲಿ? ಹೋಗಿದ್ರೆ ನೀವಂದದ್ದು ನಿಜ ಆಗೋಗ್ತಿತ್ತು.” ಗೇಟಿನ ಆಚೆ, ಓಣಿಯ ಕಡೆ ನೋಡಿದ. “ಮತ್ತೆ ನಿಮ್ಮವ್ವ ಬರ್ತಿದ್ಲು. ನಮ್ಮವ್ವ ಸತ್ತ ಮ್ಯಾಕೆ ಈ ಬಾಗಿಲಿಗೆ ಬರ್ತಿದ್ದೋಳು ಅವಳೊಬ್ಬಳೇ. ಒಂದು ಮಾತಾಡ್ತಿರ್ಲಿಲ್ಲ ಸರಿ, ಆದ್ರೂ ಬರ್ತಿದ್ಲು. ಮೊದಲ್ನೇ ಸಲ ಅವಳು ಬರ್ದೇ ಇದ್ದಾಗ ಸಂಜೆಗಂಟ ನಿಂತಿದ್ದೆ ಕಣವ್ವ. ಸತ್ತೋಗವ್ಳೆ ಅಂತ ನಂಗ್ಯಾರೂ ಏಳಿರ್ಲಿಲ್ಲ.”

ಥೆಲ್ಮಾ ಅಳಲು ಶುರುಮಾಡಿದ್ದು ಆಗ. ಡೇರೆಯ ಹತ್ತಿರ ಅತ್ತಿರಲಿಲ್ಲ, ವಿಚಾರಣೆಯಲ್ಲಿ ಅತ್ತಿರಲಿಲ್ಲ. ನಿಂತಲ್ಲೇ, ಮುಖ ಮುಚ್ಚಿಕೊಳ್ಳದೆ, ಮಗುವಿನ ಹಾಗೆ ಬಾಯಿ ತೆರೆದು ಅತ್ತಳು. ನೆವಿಲ್ ಸಮಾಧಾನ ಹೇಳಲಿಲ್ಲ. ಹತ್ತಿರ ಬರಲೂ ಇಲ್ಲ, ದೂರ ಹೋಗಲೂ ಇಲ್ಲ. ಅವಳು ನಿಲ್ಲಿಸಿದ ಮೇಲೆ ಟ್ರ್ಯಾಕ್ಟರನ್ನು ಹಿಂದಕ್ಕೆ ಕೊಟ್ಟ.

“ನೀವೇ ಇಟ್ಕೊಳ್ಳಿ.”

“ಅದು ಅವನ್ದು. ಅವನ ಜೊತೇಲೇ ಹೋಗ್ಲಿ.”

“ಗುರುವಾರ ಮಣ್ಣು ಮಾಡ್ತೀವಿ. ಬನ್ನಿ. ನಮ್ಮ ಜೊತೆ ಮುಂದೆ ಕೂತ್ಕೊಳ್ಳಿ. ಊರೆಲ್ಲ ನೋಡಲಿ.”

“ನೋಡಾನ,” ಎಂದ ನೆವಿಲ್. ಟೋಪಿ ಹಾಕಿಕೊಂಡು ಒಳಗೆ ಹೋದ.

ಗುರುವಾರ ಚರ್ಚು ತುಂಬಿತ್ತು. ಥೆಲ್ಮಾ ಮುಂದಿನ ಸಾಲಿನಲ್ಲಿ ತನ್ನ ಪಕ್ಕದ ಜಾಗಕ್ಕೆ ಕೈಚೀಲ ಇಟ್ಟು, ಪ್ರಾರ್ಥನೆ ಮುಗಿಯುವವರೆಗೂ ತೆಗೆಯಲಿಲ್ಲ. ಬಾಗಿಲು ಕಿರುಗುಟ್ಟಿದಾಗಲೆಲ್ಲ ಜನ ತಿರುಗಿ ನೋಡಿದರು. ಅವನು ಬರಲಿಲ್ಲ. ಪುಟ್ಟ ಪೆಟ್ಟಿಗೆಯೊಳಗೆ ಡೆಸ್ಮಂಡನೇ ತನ್ನ ಕೈಯಿಂದ ಟ್ರ್ಯಾಕ್ಟರ್ ಇಟ್ಟಿದ್ದ. ತೊಳೆದಿರಲಿಲ್ಲ, ಒರೆಸಿರಲಿಲ್ಲ. ಬ್ರಷ್ಷು ತಾಗಿದ ಆ ಎಳ್ಳುಕಾಳಿನಷ್ಟು ಜಾಗ ಆಗಲೇ ಮಂಕಾಗಿತ್ತು.

ಆಮೇಲಿನ ವಾರ ಥೆಲ್ಮಾ ಒಂದು ಡಬ್ಬಿಯಲ್ಲಿ ಸೂಪು ಹಾಕಿಕೊಂಡು ಓಣಿಗೆ ಹೋದಳು. ಚಿಲಕ ಎತ್ತಿ ಎಳೆದು ಒಳಗೆ ಹೋಗಿ ಬಾಗಿಲು ತಟ್ಟಿದಳು. ಅವನು ತೆಗೆದುಕೊಂಡ. ಒಳಗೆ ಬಾ ಎನ್ನಲಿಲ್ಲ. ಮುಂದಿನ ವಾರ ಖಾಲಿ ಡಬ್ಬಿ ತೊಳೆದು ಹೊಸ್ತಿಲ ಮೇಲೆ ಇಟ್ಟಿದ್ದ. ಚಳಿಗಾಲ ಹಾಗೇ ಕಳೆಯಿತು.

ವಸಂತದಲ್ಲಿ ಟೋಬಿ ಬ್ರೂಸ್ಟರ್ ಫೋನ್ ಮಾಡಿದ. ಪೊಲೀಸರು ಅಗೆದ ಗುಂಡಿ ಇನ್ನೂ ಹಾಗೇ ಇದೆ, ಆಲೂಗಡ್ಡೆ ಹಾಕೋ ಹೊತ್ತಾಯಿತು, ಮುಚ್ಚಿಸಲಾ ಎಂದು ಕೇಳಿದ. “ನಿಮ್ಮನ್ನ ಕೇಳದೆ ಮಾಡೋಕೆ ಮನಸ್ಸು ಬರಲಿಲ್ಲ,” ಎಂದ.

ಥೆಲ್ಮಾ ಒಬ್ಬಳೇ ಹೊಲದ ಅಂಚಿನ ದಾರಿ ಹಿಡಿದು ಹೋದಳು. ಗಾಳಿ ಇತ್ತು, ಬಿಸಿಲೂ ಇತ್ತು. ದೂರದಿಂದಲೇ ಯಾರೋ ಅಲ್ಲಿ ಕೂತಿರುವುದು ಕಾಣಿಸಿತು. ಆಲೂಗಡ್ಡೆ ತುಂಬುವ ಮರದ ಪೆಟ್ಟಿಗೆಯನ್ನು ಬೋರಲು ಹಾಕಿಕೊಂಡು ನೆವಿಲ್ ಗುಂಡಿಯ ಈಚೆ ದಡದಲ್ಲಿ ಕೂತಿದ್ದ. ಹೆಜ್ಜೆ ಸದ್ದಿಗೆ ತಿರುಗದೆ, ಸೊಟ್ಟ ಕೈಯೆತ್ತಿ ನಿಲ್ಲು ಎಂದು ಸನ್ನೆ ಮಾಡಿದ. ಅವಳು ನಿಂತಳು.

ಎದುರಿಗೆ, ಹೊಸದಾಗಿ ಕಡಿದ ಮರಳಿನ ಗೋಡೆ ನೆಟ್ಟಗೆ ನಿಂತಿತ್ತು. ಅದರ ಮೇಲ್ಭಾಗದಲ್ಲಿ ಸಾಲಾಗಿ ಸಣ್ಣ ಸಣ್ಣ ಬಿಲಗಳು. ಕಂದು ಬೆನ್ನಿನ, ಗುಬ್ಬಿಗಿಂತ ಚಿಕ್ಕ ಹಕ್ಕಿಗಳು ಗಾಳಿಯಲ್ಲಿ ಸುತ್ತು ಹೊಡೆಯುತ್ತ, ಗೋಡೆಗೆ ಕಾಲು ಕೊಟ್ಟು ನೇತಾಡುತ್ತ, ಒಳಗೆ ಹೊರಗೆ ಮಾಡುತ್ತಿದ್ದವು.

“ಸಮುದ್ರ ದಾಟ್ಕೊಂಡು ಬಂದವೆ,” ಎಂದು ಪಿಸುಗುಟ್ಟಿದ ನೆವಿಲ್. “ಹೋದ್ವಾರದಿಂದ.”

ಥೆಲ್ಮಾ ಸದ್ದಾಗದಂತೆ ಅವನ ಪಕ್ಕಕ್ಕೆ ಬಂದಳು. ಅವನು ಪೆಟ್ಟಿಗೆಯ ಮೇಲೆ ಸರಿದು ಜಾಗ ಮಾಡಿದ. ಇಬ್ಬರೂ ಕೂತರು.

ಒಂದು ಹಕ್ಕಿ ಕೊಕ್ಕಿನಲ್ಲಿ ಬಿಳಿ ಪುಕ್ಕ ಕಚ್ಚಿಕೊಂಡು ಬಂದು ತುದಿಯ ಬಿಲದೊಳಗೆ ನುಗ್ಗಿತು. ಬಿಲದ ಬಾಯಿಯ ಮೇಲಿಂದ ಮರಳು ಜಾರಿ, ಸುರ್ರನೆ ಗೋಡೆಯುದ್ದಕ್ಕೂ ಸುರಿಯಿತು. ನೆವಿಲ್ ಅರ್ಧ ಎದ್ದ. ಥೆಲ್ಮಾಳ ಕೈ ಅವನ ತೋಳು ಹಿಡಿಯಿತು. ಮರಳು ಸುರಿಯುತ್ತಲೇ ಇತ್ತು, ತೆಳುವಾಯಿತು, ನಿಂತಿತು.

ಸ್ವಲ್ಪ ಹೊತ್ತಿಗೆ ಹಕ್ಕಿ ಹೊರಗೆ ಬಂದು ಹಾರಿಹೋಯಿತು.